ಆರನೇ ದಿನ ಇಳಿಸಿದ ಚೀಲ

ಜನವರಿ 25
ಹಡಗಿನಿಂದ

ಅಕ್ಕಾ,

ನಿನ್ನ ದ್ವೀಪ ಕಣ್ಮರೆಯಾಗಿ ಒಂದು ದಿನವಾಯಿತು. ನಾಳೆ ಬೆಳಿಗ್ಗೆ ಬಂದರು ಸೇರುತ್ತೇವೆ. ಈಗ ಮಧ್ಯಾಹ್ನ, ಪ್ರಯಾಣಿಕರೆಲ್ಲ ಊಟ ಮುಗಿಸಿ ಒರಗಿದ್ದಾರೆ. ಡೆಕ್ಕಿನ ಕಬ್ಬಿಣ ಕಾದು ಕಾಲಿಡುವ ಹಾಗಿಲ್ಲ. ಅಡುಗೆಕೋಣೆಯ ಪಕ್ಕದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಳಿದ ತಕ್ಷಣ ಇದನ್ನು ಸರಕಿನ ದೋಣಿಯ ಅಂಚೆಗೆ ಹಾಕುತ್ತೇನೆ. ತಿಂಗಳಿಗೊಂದೇ ದೋಣಿ ಅಂದಮೇಲೆ ನಿನಗೆ ಸಿಗುವುದು ಮುಂದಿನ ತಿಂಗಳೇ.

"ನಾನು ಕಂಡದ್ದು ನಿಮ್ಮ ಆರನೇ ದಿನವನ್ನು ಮಾತ್ರ, ಉಳಿದದ್ದನ್ನು ಬರೆದು ತಿಳಿಸು" ಅಂದಿದ್ದೆಯಲ್ಲ, ಕೇಳು. ಮೊದಲ ದಿನ ಹಾರುಮೀನು ಬಿಟ್ಟರೆ ಏನೂ ಇಲ್ಲ. ಹನ್ನೆರಡು ಜನರಲ್ಲಿ ಏಳು ಜನ ವಾಂತಿ ಮಾಡಿಕೊಂಡರು. ಎಲ್ಲರಿಗಿಂತ ಜೋರು ಆ ದಂತವೈದ್ಯರದ್ದು. ಎರಡನೇ ದಿನ ಆಮೆಗಳ ದ್ವೀಪ. ಆಮೆಗೆ ಹಲ್ಲೇ ಇಲ್ಲ ಅಂತ ನಾನು ಹೇಳಿದಾಗ ಅದೇ ದಂತವೈದ್ಯರಿಗೆ ಪಾಪ ಎಷ್ಟು ಬೇಜಾರಾಯಿತೆಂದರೆ, ಸಂಜೆವರೆಗೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬಾವಲಿಗಳು, ಹಗಲಲ್ಲೇ ಹಣ್ಣಿನ ಮರಕ್ಕೆ ಕಿತ್ತಾಡುತ್ತಿದ್ದವು. ನಾಲ್ಕನೇ ದಿನ ಹವಳ. ಐದನೇ ದಿನ ಡಾಲ್ಫಿನ್ ಬರುತ್ತವೆ ಅಂತ ಎಲ್ಲರನ್ನೂ ಕಂಬಿ ಹಿಡಿಸಿ ನಿಲ್ಲಿಸಿದೆ. ನಾಲ್ಕು ತಾಸು ಬರಿಯ ನೀರು ನೋಡಿದ್ದೇ ಬಂತು. ಕೊನೆಗೆ ಅಡುಗೆಯವರು ಪಾತ್ರೆ ತೊಳೆದ ನೀರು ಚೆಲ್ಲಲು ಹಿಂಬದಿಗೆ ಹೋದರೆ, ಅಲ್ಲಿ ಒಂಬತ್ತು ಡಾಲ್ಫಿನ್! ಅವರೊಬ್ಬರೇ ನೋಡಿದ್ದು.

ಆದರೆ ಎಲ್ಲರೂ ಮಾತಾಡುತ್ತಿರುವುದು ನಿನ್ನ ದ್ವೀಪದ ಬಗ್ಗೆ. ಬಿಳಿಹುಬ್ಬಿನ ಹಕ್ಕಿಗಳು ಕಾಲಬುಡದಲ್ಲೇ ಮೊಟ್ಟೆಯ ಮೇಲೆ ಕೂತಿದ್ದವಲ್ಲ, ಎದ್ದು ಹಾರಲೂ ಇಲ್ಲ. "ಇವಕ್ಕೆ ಹೆದರಿಕೆ ಕಲಿಸುವಂಥದ್ದು ಈ ದ್ವೀಪದಲ್ಲಿ ಏನೂ ಇಲ್ಲ" ಅಂತ ನೀನು ಹೇಳಿದ್ದನ್ನು ಆ ರಿಟೈರಾದ ಲಿಫ್ಟ್ ಮೆಕ್ಯಾನಿಕ್ ಮೂರು ಸಲ ನನಗೇ ವಾಪಸು ಹೇಳಿದರು. ನಿಮ್ಮ ಪಕ್ಷಿಧಾಮದ ಆಫೀಸಿನವರು ಯಾವ ಹಡಗಿಗೂ ಕೊಡದ ಅನುಮತಿಯನ್ನು ನೀನು ನಮಗೆ ಕೊಡಿಸಿದೆ. ಕ್ಯಾಪ್ಟನ್ ಅದಕ್ಕೆ ನನ್ನ ಬೆನ್ನು ತಟ್ಟಿದರು. ನೀನು ಒಬ್ಬಳೇ ಅಲ್ಲಿ ಹಕ್ಕಿ ಕಾಯುತ್ತಿರುವ ಹತ್ತೊಂಬತ್ತು ವರ್ಷದಲ್ಲಿ ನಮ್ಮ ಮನೆಯವರು ಯಾರೂ ಅಲ್ಲಿಗೆ ಬಂದಿರಲಿಲ್ಲ. ಎಲ್ಲರ ಮುಂದೆ "ಇವನು ನನ್ನ ತಮ್ಮ" ಅಂದೆಯಲ್ಲ, ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ನಿನಗೆ ಅಂತ ತಂದ ಚೀಲ ಬಿಚ್ಚಿದೆಯಾ? ಎಲ್ಲ ಸರಿಯಾಗಿತ್ತಾ? ರಜಾಯಿ ನಿನ್ನ ನಾದಿನಿಯೇ ಹೊಲಿದದ್ದು. ಹೊರಡುವ ಗಡಿಬಿಡಿಯಲ್ಲಿ ನಿನ್ನ ಹತ್ತಿರ ನೆಟ್ಟಗೆ ಮಾತಾಡಲೇ ಆಗಲಿಲ್ಲ. ಏನೋ ಹೇಳಬೇಕೆಂದಿದ್ದೆ. ಇರಲಿ, ಮುಂದಿನ ಸಲ.

ನಿನ್ನ ತಮ್ಮ


ಫೆಬ್ರವರಿ 6
ದ್ವೀಪದಿಂದ

ತಮ್ಮಾ,

ದೋಣಿಯವರು ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದಾರೆ, ಅಷ್ಟರೊಳಗೆ ಬರೆದು ಕೊಡಬೇಕು. ನಿನ್ನ ಕಾಗದ ಎರಡು ಸಲ ಓದಿದೆ. ಹಾರುಮೀನು ಬಿಟ್ಟರೆ ಏನೂ ಇಲ್ಲ ಅಂತ ಬರೆಯುವವನನ್ನು ಗೈಡ್ ಅಂತ ಇಟ್ಟುಕೊಂಡಿದ್ದಾರಲ್ಲ, ನಿಮ್ಮ ಕ್ಯಾಪ್ಟನ್ ಒಳ್ಳೆಯವರೇ ಇರಬೇಕು.

ನೀವು ಬಂದುಹೋದ ಮೇಲೆ ಎರಡು ದಿನ ದ್ವೀಪ ನನಗೆ ದೊಡ್ಡದಾಗಿ ಕಂಡಿತು. ಹೀಗಾಗುತ್ತದೆ ಅಂತ ಗೊತ್ತಿದ್ದೇ ಇಷ್ಟು ವರ್ಷ ಯಾರನ್ನೂ ಕರೆದಿರಲಿಲ್ಲ. ನೀನು ಮಾತ್ರ ನಮ್ಮ ಚಾವಣಿಯ ಕೆಳಗೆ ನಿಂತು ಕಾಫಿ ಕುಡಿದದ್ದು ನೆನೆದರೆ ಸಂತೋಷ. ಅಮ್ಮ ಇದ್ದಿದ್ದರೆ ನಂಬುತ್ತಿರಲಿಲ್ಲ. "ಅವನು ಒಂದು ಕಡೆ ನಿಂತು ಕೆಲಸ ಮಾಡಿದ ದಿನ ನನಗೆ ಹೇಳಿ ಕಳಿಸು" ಅಂತಿದ್ದಳು.

ರಜಾಯಿ ಚೆನ್ನಾಗಿದೆ ಅಂತ ನನ್ನ ನಾದಿನಿಗೆ ಹೇಳು. ಒಂದು ಮೂಲೆ ಹರಿದು ಹತ್ತಿ ಹೊರಗೆ ಬಂದಿತ್ತು, ಹೊಲಿದುಕೊಂಡೆ. ಬಿಸ್ಕತ್ತಿನ ಪೊಟ್ಟಣವೊಂದು ಒಡೆದು ಚೀಲದ ತುಂಬ ಪುಡಿ. ನಿನ್ನ ಕೈಯಲ್ಲಿ ಕಟ್ಟಿದ ಚೀಲ ಇದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿ ಬರುವುದೂ ಇಲ್ಲ.

ಗೂಡು ನಾನೂರ ಒಂಬತ್ತು. ನೀವು ಬಂದಾಗ ನಾನೂರ ಹನ್ನೆರಡು ಇತ್ತು. ಮೂರು ಹೋಗಿವೆ, ಅಷ್ಟು ಪ್ರತಿ ವರ್ಷ ಹೋಗುತ್ತವೆ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ದೋಣಿ ಹತ್ತುವಾಗ ನಿನ್ನ ಮುಖ ಬಾಡಿತ್ತು. ಬಂದಾಗ ಹಾಗಿರಲಿಲ್ಲ. ಗಂಡಹೆಂಡತಿ ಮಧ್ಯೆ ಏನಾದರೂ ಇದೆಯಾ? ತಿಂಗಳಲ್ಲಿ ಮೂರು ವಾರ ನೀರ ಮೇಲಿದ್ದರೆ ಯಾರಿಗೆ ತಾನೇ ಸರಿಹೋಗುತ್ತದೆ. ಬಾಯಿಬಿಟ್ಟು ಹೇಳು. ನನಗಲ್ಲದಿದ್ದರೆ ಅವಳಿಗಾದರೂ.

ಅಕ್ಕ


ಫೆಬ್ರವರಿ 20

ಅಕ್ಕಾ,

ನಮ್ಮಿಬ್ಬರ ಮಧ್ಯೆ ಏನೂ ಇಲ್ಲ. ಅವಳು ಎಕ್ಸ್‌ರೇ ವಿಭಾಗದಲ್ಲಿ ದಿನಕ್ಕೆ ಅರವತ್ತು ಜನರ ಎಲುಬು ನೋಡಿ ಬರುತ್ತಾಳೆ. ಮನೆಗೆ ಬಂದಮೇಲೆ ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ನಗುತ್ತಾಳೆ. ಮುಖ ಬಾಡಿದ್ದು ಬಿಸಿಲಿಗೆ.

ಹೋದ ವಾರದ ಪ್ರಯಾಣದಲ್ಲಿ ಕಡಲಹಾವು ಸಿಕ್ಕಿತು, ಎರಡು ಬಣ್ಣದ ಪಟ್ಟೆಯದ್ದು. ಬೇರೆ ವಿಶೇಷವಿಲ್ಲ.

ಆ ದಿನ ನಿನ್ನ ದಂಡೆಯಲ್ಲಿ ಏಡಿಗಳು ಬಹಳ ಕಂಡವು. ಹಿಂದಿನ ನಿನ್ನ ಕಾಗದಗಳಲ್ಲಿ ಅಷ್ಟು ಏಡಿ ಇವೆ ಅಂತ ಓದಿದ ನೆನಪಿಲ್ಲ. ಮೊಟ್ಟೆಗಳ ಮೇಲೆ ಒಂದು ಕಣ್ಣಿಟ್ಟಿರು. ಹಾಗೇ ಹೇಳಿದೆ ಅಷ್ಟೇ.

ಚೀಲವನ್ನು ಸುಟ್ಟುಬಿಡು, ಹಳೆಯದು, ಇಟ್ಟುಕೊಂಡು ಏನು ಮಾಡುತ್ತೀಯ.

ತಮ್ಮ


ಮಾರ್ಚ್ 7

ತಮ್ಮಾ,

ನಿನ್ನ ಕಣ್ಣು ನನ್ನದಕ್ಕಿಂತ ಚುರುಕು. ಏಡಿಗಳ ವಿಷಯ ನೀನು ಬರೆದದ್ದು ನಿಜವೇ ಇರಬೇಕು. ಗೂಡುಗಳು ಮುನ್ನೂರ ನಲವತ್ತೊಂದಕ್ಕೆ ಇಳಿದಿವೆ. ಒಂದು ತಿಂಗಳಲ್ಲಿ ಅರವತ್ತೆಂಟು. ಹತ್ತೊಂಬತ್ತು ವರ್ಷದಲ್ಲಿ ಹೀಗಾಗಿದ್ದಿಲ್ಲ.

ಮೊದಲು ನನ್ನ ಎಣಿಕೆಯೇ ತಪ್ಪು ಅಂದುಕೊಂಡೆ. ಬಂಡೆಯ ಕೆಳಗಿನ ಸಾಲನ್ನು ಮೂರು ದಿನ ಮೂರು ಸಲ ಎಣಿಸಿದೆ. ಒಂದೊಂದು ಸಲವೂ ಒಂದೊಂದು ಲೆಕ್ಕ ಬಂದಾಗ ಹೆದರಿಕೆಯಾಯಿತು, ಐವತ್ತೆಂಟಕ್ಕೇ ನನ್ನ ತಲೆ ಕೈಕೊಡುತ್ತಿದೆಯಾ ಅಂತ. ಆಮೇಲೆ ತಿಳಿಯಿತು, ಒಂದು ಎಣಿಕೆಯಿಂದ ಇನ್ನೊಂದು ಎಣಿಕೆಗೆ ನಿಜವಾಗಿಯೂ ಕಡಿಮೆಯಾಗುತ್ತಿದ್ದವು. ತಾಯಿಹಕ್ಕಿ ಕೂತೇ ಇರುತ್ತದೆ, ಕೆಳಗೆ ಮೊಟ್ಟೆ ಇರುವುದಿಲ್ಲ. ಖಾಲಿ ಕುಳಿಯ ಮೇಲೆ ಕೂತ ಹಕ್ಕಿಯನ್ನು ನೀನು ನೋಡಿಲ್ಲ. ನೋಡುವುದೂ ಬೇಡ.

ಏಡಿಗಳನ್ನು ಬಕೆಟ್ಟಿನಲ್ಲಿ ತುಂಬಿ ದ್ವೀಪದ ಆಚೆ ಬದಿಗೆ ಬಿಟ್ಟುಬಂದೆ. ಮೂರು ದಿನಕ್ಕೆ ವಾಪಸು ಬಂದವು. ಒಂದಕ್ಕೆ ಬೆನ್ನಿನ ಮೇಲೆ ನೀಲಿ ಬಣ್ಣ ಬಳಿದು ಬಿಟ್ಟಿದ್ದೆ. ಅದು ಎಲ್ಲರಿಗಿಂತ ಮೊದಲು ಹಾಜರು. ಈಗ ಬೇರೆ ದಾರಿಯಿಲ್ಲ. ಸಿಕ್ಕ ಸಿಕ್ಕಲ್ಲಿ ಸಲಿಕೆಯಲ್ಲಿ ಹೊಡೆದು ಹಾಕುತ್ತಿದ್ದೇನೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಿದ್ದವು ಇವು. ಅವುಗಳ ಜೊತೆ ಮಾತಾಡುತ್ತಿದ್ದೆ ಅಂತ ನಿನಗೆ ಹೇಳಿದ್ದಕ್ಕೆ ನೀನು ನಕ್ಕಿದ್ದೆ.

ಚೀಲ ಸುಡಲಿಲ್ಲ, ಬಾಗಿಲ ಮುಂದೆ ಕಾಲೊರೆಸಲು ಹಾಕಿಕೊಂಡಿದ್ದೇನೆ. ನೀನು ತಂದದ್ದಲ್ಲವಾ.

ಬರೆ.

ಅಕ್ಕ


ಏಪ್ರಿಲ್ 5

ತಮ್ಮಾ,

ದೋಣಿ ಬಂತು, ನಿನ್ನ ಕಾಗದ ಇರಲಿಲ್ಲ. ಹಡಗಿನ ಕೆಲಸ ಜಾಸ್ತಿಯಿರಬೇಕು. ಹುಷಾರಾಗಿದ್ದೀಯ ತಾನೇ?

ನೂರ ಎಪ್ಪತ್ತೆಂಟು ಗೂಡು ಉಳಿದಿವೆ. ಏಡಿ ಹೊಡೆಯುವುದನ್ನು ನಿಲ್ಲಿಸಿದ್ದೇನೆ. ಹೋದ ವಾರ ಪೊದೆಯೊಳಗೆ ಮೊಟ್ಟೆಚಿಪ್ಪಿನ ರಾಶಿಯೊಂದು ಸಿಕ್ಕಿತು. ಏಡಿ ಮೊಟ್ಟೆಯನ್ನು ಚಿಮುಟಿ ಒಡೆಯುತ್ತದೆ, ಅಂಚು ಚೂರುಚೂರಾಗಿರುತ್ತದೆ. ಈ ಚಿಪ್ಪುಗಳ ಅಂಚು ಹಾಗಿರಲಿಲ್ಲ. ಮನೆಗೆ ತಂದು ಭೂತಗನ್ನಡಿ ಹಿಡಿದು ನೋಡಿದೆ. ಉದ್ದಕ್ಕೂ ಎರಡೆರಡು ಸಣ್ಣ ಗೀರು, ಉಳಿಯಲ್ಲಿ ಕೆತ್ತಿದ ಹಾಗೆ. ಹಲ್ಲಿನ ಗುರುತು.

ಇಲಿ, ತಮ್ಮಾ. ಇಲ್ಲಿ ಇಲಿ ಬಂದಿದೆ.

ಇದು ತಾನಾಗಿ ಈಜಿ ಬರುವಷ್ಟು ಹತ್ತಿರ ಯಾವ ನೆಲವೂ ಇಲ್ಲ. ಯಾವುದೋ ದೋಣಿಯಲ್ಲಿ, ಯಾವುದೋ ಸರಕಿನಲ್ಲಿ ಬಂದಿರಬೇಕು. ನಾನು ಒಂದೊಂದಾಗಿ ಯೋಚಿಸುತ್ತಿದ್ದೇನೆ. ಕೋಪದಿಂದ ಕೇಳುತ್ತಿಲ್ಲ, ಕೇಳಬೇಕಾದದ್ದು ನನ್ನ ಕೆಲಸ. ನೀನು ತಂದ ಚೀಲವನ್ನು ಹಡಗಿನಲ್ಲಿ ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿದ್ದೆಯಾ? ನಿಮ್ಮ ಹಡಗಿನಲ್ಲಿ ಆ ನಿಯಮ ಇದೆ ಅಂತ ನನಗೆ ಗೊತ್ತು. ನೋಡಿದ್ದರೆ ನೋಡಿದೆ ಅಂತ, ಇಲ್ಲದಿದ್ದರೆ ಇಲ್ಲ ಅಂತ ಒಂದು ಸಾಲು ಬರೆ. ಎಲ್ಲಿಂದ ಬಂತು, ಯಾವಾಗ ಬಂತು ಅಂತ ಗೊತ್ತಾದರೆ ಎಷ್ಟಿರಬಹುದು ಅಂತ ಲೆಕ್ಕ ಹಾಕಬಹುದು. ನಿನ್ನ ಉತ್ತರ ಬರುವವರೆಗೆ ಆಫೀಸಿಗೆ ಯಾರ ಹೆಸರನ್ನೂ ಹೇಳುವುದಿಲ್ಲ.

ಅಕ್ಕ


ಏಪ್ರಿಲ್ 19

ಅಕ್ಕಾ,

ಚೀಲವನ್ನು ನಾನೇ ಸುರಿದು ನೋಡಿದ್ದೆ. ಎಲ್ಲವನ್ನೂ ಕೊಡವಿ, ಮಡಿಸಿ, ಮತ್ತೆ ತುಂಬಿದ್ದು. ಅಡುಗೆಯವರೂ ಅಲ್ಲೇ ಇದ್ದರು. ನಮ್ಮ ಹಡಗಿನಿಂದ ಬಂದಿರಲು ಸಾಧ್ಯವಿಲ್ಲ.

ನಿನ್ನ ಕಷ್ಟ ಓದಿ ಸಂಕಟವಾಯಿತು. ಆರೋಗ್ಯ ನೋಡಿಕೋ.

ತಮ್ಮ


ಮೇ 8

ತಮ್ಮಾ,

ನೀನು ನೋಡಿದ್ದೆ ಅಂದಮೇಲೆ ಆಯಿತು, ಆ ಯೋಚನೆ ಬಿಟ್ಟೆ. ಕೇಳಿದ್ದಕ್ಕೆ ನೊಂದುಕೊಂಡಿದ್ದರೆ ಮರೆತುಬಿಡು. ಉತ್ತರ ನಾಲ್ಕೈದೇ ಸಾಲಿನದ್ದಾಗಿತ್ತು, ಸಿಟ್ಟು ಬಂದಿದೆ ಅಂತ ಗೊತ್ತಾಯಿತು.

ಈಗ ನನಗೆ ತಿಳಿದಿದೆ, ಎಲ್ಲಿಂದ ಬಂತು ಅಂತ. ಡಿಸೆಂಬರಿನಲ್ಲಿ ಚಾವಣಿ ರಿಪೇರಿಗೆ ಮರದ ಹಲಗೆ ಬಂದಿದ್ದವು, ಏಳು ಕಟ್ಟು. ಆ ದಿನ ನನಗೆ ಜ್ವರವಿತ್ತು. ಐದು ಕಟ್ಟು ಬಿಚ್ಚಿ ನೋಡಿದೆ. ಎರಡನ್ನು ನಾಳೆ ನೋಡಿದರಾಯಿತು ಅಂತ ಹಾಗೇ ಬಿಟ್ಟೆ. ಎಲ್ಲ ನೋಡಿದ್ದೇನೆ ಅಂತ ಸಹಿ ಮಾತ್ರ ಹಾಕಿದ್ದೆ. ಆ ನಾಳೆ ಬರಲೇ ಇಲ್ಲ, ನೋಡು. ಬೇರೆಯವರು ಕಾಲಿಗೆ ಅಂಟಿಸಿಕೊಂಡು ಬಂದ ಒಂದು ಹುಲ್ಲಿನ ಬೀಜಕ್ಕೂ ಜಗಳ ಕಾಯುತ್ತಿದ್ದವಳು ನಾನು.

ಆಫೀಸಿಗೆ ರೇಡಿಯೋದಲ್ಲಿ ತಿಳಿಸಿ ಬರೆದೂ ಕೊಟ್ಟೆ, ತಪ್ಪು ನನ್ನದು ಅಂತ. ಅವರು ಗದರಲಿಲ್ಲ. ಮುಂದಿನ ದೋಣಿಯಲ್ಲಿ ಹೊರಟು ಬನ್ನಿ ಅಂದರು, ಅಷ್ಟೇ. ಇಲಿಗಳಿಗೆ ವಿಷವಿಡುವ ತಂಡ ಬರುತ್ತದಂತೆ. ನಾನು ಇಲ್ಲಿದ್ದರೆ ಅವರಿಗೆ ಮುಜುಗರ.

ಹತ್ತು ಇಲಿ ಹಿಡಿದಿದ್ದೇನೆ, ಸ್ಟೋರಿನಲ್ಲಿ ಆರೇ ಬೋನಿದ್ದವು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಆರೂ ತುಂಬಿದ್ದವು. ಐವತ್ತೆರಡು ಗೂಡು ಉಳಿದಿವೆ. ಅದರಲ್ಲಿ ಮರಿಯಾದದ್ದು ಎಂಟು.

ನಿಮ್ಮ ಹಡಗಿನ ಮೇಲೆ ಯಾವ ಕಪ್ಪುಚುಕ್ಕೆಯೂ ಬರದ ಹಾಗೆ ಬರೆದಿದ್ದೇನೆ. ನೀನು ಒಂದು ಕಡೆ ನೆಲೆನಿಂತದ್ದೇ ಈಗ ನನಗಿರುವ ಸಮಾಧಾನ.

ಅಕ್ಕ


ಮೇ 30

ಅಕ್ಕಾ,

ಇದನ್ನು ನೀನು ಕೂತು ಓದು.

ಹಲಗೆಯಲ್ಲಿ ಬರಲಿಲ್ಲ. ನನ್ನ ಚೀಲದಲ್ಲಿ ಬಂತು. ನಾನು ನೋಡಿದೆ.

ಆ ಚೀಲ ಆರು ದಿನ ಅಡುಗೆಯವರ ಈರುಳ್ಳಿಯ ಪಕ್ಕದಲ್ಲಿ ಬಿದ್ದಿತ್ತು. ಆರನೇ ದಿನ ಬೆಳಿಗ್ಗೆ ಎಲ್ಲರ ಬ್ಯಾಗನ್ನೂ ಬಿಳಿ ಬಟ್ಟೆಯ ಮೇಲೆ ಸುರಿಸಿ ನೋಡಿದೆ, ಬೂಟಿನ ಅಡಿಯನ್ನೂ ಬ್ರಷ್ಷಿನಲ್ಲಿ ಉಜ್ಜಿಸಿದೆ. ದಂತವೈದ್ಯರ ಜೇಬಿನಿಂದ ಒಂದು ಕಡಲೆಬೀಜ ತೆಗೆಸಿ ಭಾಷಣವನ್ನೂ ಬಿಗಿದೆ. ಅಲೆ ಏಳುತ್ತಿದೆ, ಎರಡೇ ತಾಸು ಅಂತ ಕ್ಯಾಪ್ಟನ್ ಕೂಗಿದರು. ರಬ್ಬರ್ ದೋಣಿಯಲ್ಲಿ ಎಲ್ಲರೂ ಕೂತು ಕಾಯುತ್ತಿದ್ದರು. ಚೀಲ ನಮ್ಮ ಮನೆಯದು, ನನ್ನ ಹೆಂಡತಿ ಕಟ್ಟಿದ್ದು, ಅಕ್ಕನಿಗೆ ಅಂತ ತಂದದ್ದು, ಇದನ್ನೇನು ಬಿಚ್ಚುವುದು ಅಂತ ಹಾಗೇ ದೋಣಿಗೆ ಎಸೆದೆ.

ದಂಡೆಯಲ್ಲಿ ನೀನು ಮುಂದೆ ಹೋಗುತ್ತಿದ್ದೆ, ಲಿಫ್ಟ್ ಮೆಕ್ಯಾನಿಕ್ ಏನೋ ಕೇಳುತ್ತಿದ್ದರು. ನಾನು ಚೀಲವನ್ನು ಹೆಗಲಿಗೆ ಎತ್ತಿದೆ. ಹೊಲಿಗೆ ಬಿಟ್ಟ ಮೂಲೆಯಿಂದ ಅದು ಕೆಳಗೆ ಹಾರಿತು. ಕಂದು ಬಣ್ಣ, ಹೊಟ್ಟೆ ದಪ್ಪಗೆ ಜೋತುಬಿದ್ದಿತ್ತು. ಮರಳಿನ ಮೇಲೆ ಓಡಿ ಬಂಡೆಯ ಕೆಳಗಿನ ಪೊದೆ ಸೇರಿತು. ಎಣಿಸಿದರೆ ನಾಲ್ಕು ಉಸಿರಿನಷ್ಟು ಹೊತ್ತು. ನನ್ನನ್ನು ಬಿಟ್ಟು ಯಾರೂ ನೋಡಲಿಲ್ಲ. ನಾನು ನಿಂತೇ ಇದ್ದೆ. ನೀನು ತಿರುಗಿ ನೋಡಿ, "ಏನಾಯಿತೋ?" ಅಂದೆ.

"ಏನಿಲ್ಲ, ಏಡಿ" ಅಂದೆ ನಾನು.

ನೀನು ನಕ್ಕು, "ಬಾ, ಕಚ್ಚುವುದಿಲ್ಲ" ಅಂದೆ. ಆಮೇಲೆ ಎಲ್ಲರಿಗೂ ನನ್ನನ್ನು ತೋರಿಸಿ ಇವನು ನನ್ನ ತಮ್ಮ ಅಂದೆ. ಅದಕ್ಕಿಂತ ಮೊದಲು ಒಂದು ಗಳಿಗೆ ಸಿಕ್ಕಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅದಾದ ಮೇಲೆ ಆಗಲಿಲ್ಲ. ಇದು ನೆಪ ಅಂತ ನನಗೂ ಗೊತ್ತು.

ಫೋಟೋ ಸ್ಟುಡಿಯೋ, ಬಣ್ಣದ ಮೀನಿನ ಅಂಗಡಿ, ಶಾಲೆಯ ಪ್ರಯೋಗಾಲಯ, ಎಲ್ಲೂ ಎರಡು ವರ್ಷ ನಿಂತವನಲ್ಲ ನಾನು. ಇದೊಂದು ಕೆಲಸ ಕೈಗೆ ಹತ್ತಿತ್ತು. ಇಲಿ ಬಿಟ್ಟೆ ಅಂದರೆ ಹಡಗಿಗೆ ಯಾವ ದ್ವೀಪವೂ ಇರುವುದಿಲ್ಲ, ನನಗೆ ಹಡಗೂ ಇರುವುದಿಲ್ಲ. ಒಂದೇ ಇಲಿ, ಬಿಸಿಲಿಗೆ ಸಾಯುತ್ತದೆ ಅಂದುಕೊಂಡೆ. ನಿನ್ನ ಕಾಗದದಲ್ಲಿ ನಾನೂರ ಒಂಬತ್ತು ಅಂತ ಓದಿದಾಗ ಸತ್ತೇ ಹೋಯಿತು ಅಂತ ಸಂತೋಷಪಟ್ಟೆ. ಆದರೂ ಒಳಗೆ ಕೊರೆಯುತ್ತಿತ್ತು, ಅದಕ್ಕೇ ಏಡಿಯ ಮಾತು ಬರೆದೆ. ಮೊಟ್ಟೆ ಹೋದರೆ ನೀನು ಏಡಿಯ ಕಡೆ ನೋಡಲಿ ಅಂತಲೇ ಬರೆದೆ, ಅಕ್ಕಾ. ಅದು ಬಾಯಿತಪ್ಪಿ ಬಂದದ್ದಲ್ಲ. ನೀನು ಸಲಿಕೆ ಹಿಡಿದೆ ಅಂತ ಓದಿದ ದಿನ ಕಾಗದ ಬರೆಯಲು ಕೂತೆ, ಆಗಲಿಲ್ಲ. ನಿನ್ನ ದ್ವೀಪಕ್ಕೆ ಮಾತಾಡಬೇಕೆಂದು ಬಂದರಿನ ರೇಡಿಯೋ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿದ್ದೆ. ಒಳಗೆ ಕೂತವರು ಏನು ಬೇಕು ಅಂದರು. ಹವಾಮಾನ ಕೇಳಿ ವಾಪಸು ಬಂದೆ.

ತಪ್ಪು ಬೇರೆ ಯಾರ ಮೇಲೆ ಬಂದಿದ್ದರೂ ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ತಪ್ಪು ನಿನ್ನದು ಅಂತ ನೀನೇ ಬರೆದುಕೊಟ್ಟದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ನಿನ್ನೆ ನನ್ನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಆಮೇಲೆ, "ನಾಲ್ಕು ತಿಂಗಳು ನನ್ನ ಪಕ್ಕದಲ್ಲಿ ಇದನ್ನು ಇಟ್ಟುಕೊಂಡು ಊಟ ಮಾಡಿದೆಯಾ?" ಅಂತ ಕೇಳಿದಳು.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳುವ ಮುಖವಿಲ್ಲ.

ತಮ್ಮ


ಜೂನ್ 21
ಆಫೀಸಿನ ವಸತಿಗೃಹದಿಂದ

ನಿನ್ನ ಕಾಗದ ತಂದ ದೋಣಿಯಲ್ಲೇ ನಾನು ಹೊರಟೆ. ದ್ವೀಪ ಕಾಣುವಷ್ಟು ಹೊತ್ತು ಅದನ್ನು ಒಡೆಯಲಿಲ್ಲ. ಆಮೇಲೆ ಓದಿದೆ.

ತಂಡದವರಿಗೆ ಬೇಕಾಗಿರುವುದನ್ನು ಕೇಳುತ್ತೇನೆ. ಹಾರಿದ್ದು ಎಷ್ಟು ಗಂಟೆಗೆ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ. ಬಂಡೆಯ ಯಾವ ಬದಿಯ ಪೊದೆ. ಒಂದೇ ಅಂತ ಖಚಿತವಾ. ಬಾಲ ಮೈಗಿಂತ ಉದ್ದವಿತ್ತಾ, ಗಿಡ್ಡವಿತ್ತಾ. ಚೀಲವನ್ನು ಹಡಗಿಗೆ ತರುವ ಮೊದಲು ಎಲ್ಲಿ ಇಟ್ಟಿದ್ದಿರಿ. ಇದಿಷ್ಟಕ್ಕೂ ತಪ್ಪದೆ ಉತ್ತರ ಬರೆದು ಸೀದಾ ಆಫೀಸಿಗೆ ಕಳಿಸು. ನನಗಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿ. ಬಸುರಿ ಇಲಿ ಒಂದು. ಮೊದಲ ಎರಡು ವಾರದೊಳಗೆ ಗೊತ್ತಾಗಿದ್ದರೆ ಸ್ಟೋರಿನ ಆರು ಬೋನು ಸಾಕಿತ್ತು. ಆ ಪೊದೆ ನಮ್ಮ ಅಡುಗೆಮನೆಯಷ್ಟೂ ದೊಡ್ಡದಲ್ಲ.

ನೂರ ಹದಿನೇಳು ಏಡಿ ಕೊಂದಿದ್ದೇನೆ. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ದಿನಕ್ಕೆ ಎಷ್ಟು ಅಂತ. ಕಾರಣ ಅನ್ನುವ ಕಡೆ "ಮೊಟ್ಟೆ ತಿನ್ನುತ್ತಿವೆ" ಅಂತ ನನ್ನ ಕೈಯಲ್ಲೇ ಬರೆದಿದ್ದೇನೆ.

ಇಲ್ಲಿಗೆ ಬರಬೇಡ.

ಅಕ್ಕ


ಜುಲೈ 4

ಅಕ್ಕಾ,

ನೀನು ಕೇಳಿದ್ದಕ್ಕೆಲ್ಲ ಉತ್ತರ ಬರೆದು ಆಫೀಸಿಗೆ ಕೊಟ್ಟೆ. ಹಲಗೆಯ ವಿಷಯದಲ್ಲಿ ನಿನ್ನ ತಪ್ಪಿಲ್ಲ ಅಂತಲೂ ಬರೆದು ಸಹಿ ಹಾಕಿದೆ. ಕ್ಯಾಪ್ಟನ್‌ಗೆ ಹೇಳಿದೆ. ಅವರು ಬೈಯಲಿಲ್ಲ, ನನ್ನ ದುರ್ಬೀನನ್ನು ಮೇಜಿನ ಮೇಲೆ ಇಡಲು ಹೇಳಿದರು. ಹಡಗಿಗೆ ಈ ವರ್ಷ ಯಾವ ದ್ವೀಪದಲ್ಲೂ ಇಳಿಯುವ ಅನುಮತಿಯಿಲ್ಲ. ಅಡುಗೆಯವರು ಬೇರೆ ಕಡೆ ಕೆಲಸ ಹುಡುಕುತ್ತಿದ್ದಾರೆ. ನನ್ನಿಂದ ಅವರಿಗೂ.

ಬರಬೇಡ ಅಂದಿದ್ದೀಯ, ಬರುವುದಿಲ್ಲ. ಬರೆಯಬೇಡ ಅಂತ ಹೇಳಿಲ್ಲ, ಹಾಗಾಗಿ ಬರೆದೆ.

ತಮ್ಮ


ಜನವರಿ 12
ದ್ವೀಪದಿಂದ

ಅಕ್ಕಾ,

ಆರು ತಿಂಗಳಾಯಿತು. ನಾನು ಇಲ್ಲಿದ್ದೇನೆ ಅಂತ ಆಫೀಸಿನವರು ನಿನಗೆ ಹೇಳಿರಬಹುದು. ವಿಷದ ತಂಡಕ್ಕೆ ಸಾಮಾನು ಹೊರಲು ಜನ ಬೇಕಾಗಿತ್ತು. ತಂಡದ ಮುಖ್ಯಸ್ಥರ ಮುಂದೆ ಹೋಗಿ ನಿಂತೆ. ಇವನೇ ಅವನು ಅಂತ ಅವರಿಗೆ ಗೊತ್ತಿತ್ತು. ಪೊದೆಯ ಜಾಗ ನೀನೇ ತೋರಿಸು ಬಾ ಅಂದರು. ಅವರು ಅಕ್ಟೋಬರಿನಲ್ಲಿ ವಾಪಸಾದರು. ಬೋನು ಮತ್ತು ಮೇಣದ ತುಂಡುಗಳನ್ನು ದಿನಾ ನೋಡಲು ಒಬ್ಬರು ಇರಬೇಕಿತ್ತು, ನಾನು ಉಳಿದೆ. ಇಲಿ ಇದ್ದರೆ ಮೇಣ ಕಡಿಯುತ್ತದೆ. ತೊಂಬತ್ತಾರು ದಿನದಿಂದ ಒಂದು ತುಂಡಿಗೂ ಹಲ್ಲು ಬಿದ್ದಿಲ್ಲ.

ನಿನ್ನ ಕೋಣೆಯಲ್ಲಿ ನಾನು ಮಲಗುವುದಿಲ್ಲ, ಸ್ಟೋರಿನಲ್ಲಿ ಜಾಗ ಮಾಡಿಕೊಂಡಿದ್ದೇನೆ. ನಿನ್ನ ಪುಸ್ತಕಗಳಿಗೆ ಗೆದ್ದಲು ಹಿಡಿಯದ ಹಾಗೆ ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇನೆ. ತಿರುವುವಾಗ ಏಡಿಯ ಪುಟಗಳು ಕಂಡವು. ಓದಿದೆ.

ಹಕ್ಕಿಗಳು ಜನವರಿ ಎರಡಕ್ಕೆ ಬಂದವು. ಮೂರು ದಿನ ದ್ವೀಪದ ಮೇಲೆ ಸುತ್ತಿದವು, ಇಳಿಯಲಿಲ್ಲ. ಕೆಳಗೆ ಬಂದು, ಕಾಲು ಚಾಚಿ, ಮತ್ತೆ ಮೇಲಕ್ಕೇರುತ್ತಿದ್ದವು. ನಾನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ, ನನ್ನನ್ನು ಕಂಡು ಹೆದರುತ್ತಿರಬಹುದು ಅಂತ. ನಾಲ್ಕನೇ ದಿನ ಕೆಲವು ಕೂತವು. ಹೆಚ್ಚಿನವು ಹೊರಟುಹೋದವು. ಎಲ್ಲಿಗೆ ಅಂತ ಗೊತ್ತಿಲ್ಲ.

ಸುಮಾರು ಮೂವತ್ತು ಜೋಡಿ ಕೂತಿವೆ. ಹತ್ತಿರ ಹೋದರೆ ಈಗ ಎದ್ದು ಹಾರುತ್ತವೆ. ಅವಕ್ಕೂ ಹೆದರಿಕೆ ಬಂದಿದೆ.

ತಮ್ಮ


ಫೆಬ್ರವರಿ 3

ತಮ್ಮಾ,

ಸುಮಾರು ಮೂವತ್ತು ಅಂತ ಒಂದು ಸಂಖ್ಯೆ ಇಲ್ಲ. ಬಂಡೆಯ ಕೆಳಗಿನ ಸಾಲನ್ನು ಬೆಳಿಗ್ಗೆ, ಬಿಸಿಲು ಏರುವ ಮೊದಲು ಎಣಿಸಬೇಕು. ಪೂರ್ವದ ತುದಿಯಿಂದ ಶುರುಮಾಡು, ನಿನ್ನ ನೆರಳು ಅವುಗಳ ಮೇಲೆ ಬೀಳಬಾರದು. ಹಕ್ಕಿ ಎದ್ದರೆ ನಿಂತುಬಿಡು, ಕೂರುವವರೆಗೆ ಕಾಯಿ. ಎಷ್ಟು ಹೊತ್ತಾದರೂ ಸರಿ. ಒಂದೊಂದು ಗೂಡಿಗೂ ಒಂದು ಕಲ್ಲು ಇಡು, ಹಕ್ಕಿಯಿಂದ ಒಂದು ಮಾರು ದೂರಕ್ಕೆ.

ನನ್ನ ಕೋಣೆಯಲ್ಲಿ ಮಲಗು. ಸ್ಟೋರಿನ ನೆಲ ತೇವ, ಮೊದಲೇ ನಿನಗೆ ಬೆನ್ನುನೋವು.

ಆಫೀಸಿನವರು ವಾಪಸು ಹೋಗುತ್ತೀರಾ ಅಂತ ಕೇಳಿದರು. ನಿನ್ನ ಹೇಳಿಕೆ ಓದಿದ ಮೇಲೆ ನನ್ನ ಕಡತವನ್ನು ಸರಿಮಾಡಿದ್ದಾರೆ. ಇಲ್ಲ ಅಂದೆ. ಇಲ್ಲಿ ಎರಡನೇ ಮಹಡಿಯಲ್ಲಿ ಒಂದು ಮೇಜು ಕೊಟ್ಟಿದ್ದಾರೆ, ಬೇರೆ ದ್ವೀಪಗಳ ಫೋಟೋ ನೋಡಿ ಹಕ್ಕಿ ಎಣಿಸುತ್ತೇನೆ. ಕಿಟಕಿಯಾಚೆ ಬಸ್ ನಿಲ್ದಾಣ. ಪಕ್ಕದ ಮೇಜಿನವರು ಒಳ್ಳೆಯವರು, ಬಹಳ ಮಾತಾಡುತ್ತಾರೆ.

ಹೋಗುವುದಿಲ್ಲ ಅಂದದ್ದಕ್ಕೆ ಕಾರಣ ನೀನು ಅಲ್ಲಿರುವುದು. ನಿನಗೆ ಶಿಕ್ಷೆ ಅಂದುಕೊಳ್ಳಬೇಡ. ಕೈಜಾರಿ ಇಲಿ ಬಿಟ್ಟದ್ದನ್ನು ನಾನು ಮನಸ್ಸಿನಿಂದ ಯಾವಾಗಲೋ ತೆಗೆದುಹಾಕಿದೆ. ಎರಡು ಕಟ್ಟು ಹಲಗೆ ನೋಡದೆ ಸಹಿ ಹಾಕಿದವಳು ನಾನು, ಅದರಲ್ಲಿ ಇಲಿ ಇರಲಿಲ್ಲ ಅನ್ನುವುದು ನನ್ನ ಅದೃಷ್ಟ, ನನ್ನ ಒಳ್ಳೆಯತನ ಅಲ್ಲ. ಏಡಿಗಳ ಮೇಲೆ ನನ್ನಿಂದ ಎತ್ತಿಸಿದ ಆ ಸಲಿಕೆಯನ್ನು ಮರೆಯಲಾಗುತ್ತಿಲ್ಲ. ನೀನು ಎದುರಿಗೆ ಬಂದರೆ ಅದರ ಸದ್ದು ಕೇಳಿಸುತ್ತದೆ. ಇದು ಕಡಿಮೆಯಾಗುತ್ತದಾ, ಯಾವಾಗ, ಅಂತ ನನಗೆ ಗೊತ್ತಿಲ್ಲ. ಗೊತ್ತಾದರೆ ತಿಳಿಸುತ್ತೇನೆ.

ನನ್ನ ನಾದಿನಿ ಭಾನುವಾರ ಬಂದುಹೋಗುತ್ತಾಳೆ. ನಿನ್ನ ವಿಷಯ ಇಬ್ಬರೂ ಎತ್ತುವುದಿಲ್ಲ. ಈ ಸಲ ಹೋಗುವಾಗ, ಅವನಿಗೆ ಏನಾದರೂ ಹೇಳುವುದಿದೆಯಾ ಅಂತ ಕೇಳಿದಳು. ಬರೆಯುತ್ತೇನೆ ಅಂದೆ.

ಪ್ರತಿ ದೋಣಿಗೂ ಎಣಿಕೆ ಕಳಿಸು. ಮೂವತ್ತಿದ್ದರೆ ಮೂವತ್ತು, ಒಂದಿದ್ದರೆ ಒಂದು. ಏನೂ ಉಳಿಯಲಿಲ್ಲ ಅಂದರೆ ಅದನ್ನೂ. ನನಗೆ ಸಮಾಧಾನವಾಗಲಿ ಅಂತ ಒಂದನ್ನೂ ಸೇರಿಸಬೇಡ. ಇದ್ದಷ್ಟೇ ಬರೆ.

ಅಕ್ಕ